ಲೂಕ 15 ಮತ್ತು ಬೆಂಡೋಲಿಯ ತಿರುಪು

ಶುಕ್ರವಾರ ಸಂಜೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಬುಧವಾರ ಬೆಳಗ್ಗೆ ನನ್ನ ಹೆಂಡತಿ ಬೆಟಗೇರಿಗೆ, ತವರಿಗೆ ಹೊರಟಳು. ಹೊಸ್ತಿಲ ಮೇಲೆ ನಿಂತು ಎರಡೇ ಮಾತು ಹೇಳಿದಳು. "ಮನಿ ಸ್ವಚ್ಛ ಮಾಡ್ರಿ. ನನ್ನ ಕಿವಿ ಬೆಂಡೋಲಿ ತಿರುಪು ಎಲ್ಲೋ ಬಿದ್ದೈತಿ, ನೋಡಿ ಕಸ ಹೊಡೀರಿ."

ಅದರ ಜೊತೆಗೆ ಸಭಾಪಾಲಕರು ಫೋನ್ ಮಾಡಿ, "ಕೂಟದಾಗ ಐದು ನಿಮಿಷ ನೀವ ಮಾತಾಡ್ರಿ" ಅಂದಿದ್ದರು. ಏನು ಮಾತಾಡುವುದು ಅಂತ ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೆ. ಕಸಬರಿಗೆ ಕೈಗೆ ಬಂದದ್ದೇ ತಡ, ವಿಷಯ ಸಿಕ್ಕಿಬಿಟ್ಟಿತು. ಲೂಕನ ಸುವಾರ್ತೆ, 15ನೇ ಅಧ್ಯಾಯ. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಆ ಒಂದು ನಾಣ್ಯ ಅಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಸುಮ್ನೆ ಬಿಡೋಕಾಗುತ್ತಾ? ಬಡವರ ಮನೆಯೊಳಗೆ ಕತ್ತಲೆ ಜಾಸ್ತಿ, ಅದಕ್ಕೇ ದೀಪ. ನನ್ನ ಹತ್ತಿರ ಮೊಬೈಲ್ ಟಾರ್ಚ್ ಇತ್ತು.

ನಮ್ಮೂರಿನ ಧೂಳಿನ ಬಗ್ಗೆ ಒಂದು ಮಾತು. ಧಾರವಾಡದ ಕಡೆ ಕೆಂಪು ಮಣ್ಣು, ಮೂಡಣ ದಿಕ್ಕಿಗೆ ಎರೆಮಣ್ಣು. ನಮ್ಮ ಮನೆಯಲ್ಲಿ ಎರಡೂ ಇವೆ. ಮೂಲೆಯ ಜೇಡ ಹೊಡೆಯುವಾಗ ಎರಡೂ ಸೇರಿ ನೇರ ಕಣ್ಣಿಗೇ ಬಿತ್ತು. ಸಹೋದರನ ಕಣ್ಣಿನ ರವೆ ಕಾಣುತ್ತದೆ, ನಿನ್ನ ಕಣ್ಣಿನ ತೊಲೆ ಕಾಣುವುದಿಲ್ಲ ಅಂತ ಯೇಸುಸ್ವಾಮಿ ಹೇಳಿದ್ದು ನೆನಪಾಯಿತು. (ರವೆ ಅಂದರೆ ಇಲ್ಲಿ ಕಸದ ಕಣ. ಚಿಕ್ಕವನಿದ್ದಾಗ ನಾನು ಅದನ್ನು ಉಪ್ಪಿಟ್ಟಿನ ರವೆ ಅಂತಲೇ ತಿಳಿದಿದ್ದೆ. ಕಣ್ಣಿಗೆ ಅದು ಹೋಗಿದ್ದಾದರೂ ಹೇಗೆ ಅಂತ ಸಂಡೇಸ್ಕೂಲಿನಲ್ಲಿ ಕೇಳಿ ಬೈಸಿಕೊಂಡಿದ್ದೆ.) ಈ ಮಾತನ್ನೂ ಐದು ನಿಮಿಷದೊಳಗೆ ತುರುಕಬಹುದು ಅಂತ ಕಣ್ಣು ತಿಕ್ಕಿಕೊಳ್ಳುತ್ತಲೇ ಚೀಟಿಯಲ್ಲಿ ಬರೆದಿಟ್ಟೆ.

ಕಪಾಟು ಸರಿಸಿದೆ. ಟಾರ್ಚ್ ಬೆಳಕಿನಲ್ಲಿ ಮೂರು ಪೆನ್ನಿನ ಟೋಪಿ, ಒಂದು ಗೋಲಿ, ಒಣಗಿದ ಹುಣಸೆಬೀಜ. ಅವುಗಳ ಕೆಳಗೆ ಮಡಿಚಿದ ಐನೂರರ ನೋಟು! ಹಲ್ಲೆಲೂಯ ಅಂತ ಕೂಗಿಯೇಬಿಟ್ಟೆ. ನಾಣ್ಯ ಸಿಕ್ಕಿದ ಮೇಲೆ ಆ ಹೆಂಗಸು ಗೆಳತಿಯರನ್ನೂ ನೆರೆಯವರನ್ನೂ ಕರೆದಳಲ್ಲ? ನಾನೂ ಬಾಜೂ ಮನೆ ಕಾಕಾನನ್ನು, ಎದುರು ಮನೆಯ ಹುಡುಗರನ್ನು ಕರೆದೆ. ಓಣಿ ತುದಿಯ ಅಂಗಡಿಯಿಂದ ಎಲ್ಲರಿಗೂ ಗಿರ್ಮಿಟ್, ಮಿರ್ಚಿ, ಚಹಾ ಬಂತು. ಇನ್ನೂರ ನಲವತ್ತು ರೂಪಾಯಿ.

ಮಿರ್ಚಿ ಮುಗಿದ ಮೇಲೆ ಒಬ್ಬ ಹುಡುಗ ನೋಟನ್ನು ಬೆಳಕಿಗೆ ಹಿಡಿದ. "ಕಾಕಾ, ಇದು ಹಳೇದ್ರಿ. 2016ರಾಗ ಬಂದ್ ಆತಲ್ರಿ."

ಯಾರೂ ಮಾತಾಡಲಿಲ್ಲ. ಬಾಜೂ ಮನೆ ಕಾಕಾ ಮಾತ್ರ ಚಹಾ ಮುಗಿಸಿ, "ಸಿಕ್ಕಿದ್ದು ಖರೆ ಅಲ್ಲೇನು?" ಅಂತ ಸಮಾಧಾನ ಹೇಳಿ ಹೋದರು. ಸಿಕ್ಕ ನಾಣ್ಯ ಅಂಗಡಿಯಲ್ಲಿ ನಡೆಯದಿದ್ದರೆ ಏನು ಮಾಡಬೇಕು ಅಂತ ಲೂಕ ಬರೆದಿಲ್ಲ.

ಬೇಜಾರಿನಲ್ಲಿ ದಿವಾನದ ಮೇಲೆ ಅಡ್ಡಾದೆ. ಹೆಂಡತಿಯ ಫೋನ್ ಬಂತು.

"ಎಲ್ಲಿಗೆ ಬಂತ್ರಿ?"

"ಧ್ಯಾನ ಮಾಡಾಕತ್ತೀನಿ. ಮಾರ್ಥಳು ಮನಿಗೆಲಸದಾಗ ಇದ್ಲು, ಮರಿಯಳು ಯೇಸುಸ್ವಾಮಿ ಮಾತು ಕೇಳ್ಕೋತ ಕೂತು ಒಳ್ಳೆ ಭಾಗ ಆರಿಸಿಕೊಂಡಳು ಅಂತ..."

"ಮನಿಯಾಗ ಮಾರ್ಥಳಿಲ್ಲ, ಆಕಿ ಬೆಟಗೇರ್‍ಯಾಗ ಅದಾಳ. ಏಳ್ರಿ!"

ಅವಳ ಅಜ್ಜಿ ಬೆಟಗೇರಿಯ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಸುವಾರ್ತೆ ನಮ್ಮ ಎರಡೂ ಮನೆತನಕ್ಕೆ ಮುಟ್ಟಿದೆ. ಶಿಸ್ತು ಮಾತ್ರ ಅವಳ ಕಡೆಯಲ್ಲೇ ನಿಂತುಬಿಟ್ಟಿದೆ.

ಎದ್ದೆ. ಗುರುವಾರ ರಾತ್ರಿಯೊಳಗೆ ಇಡೀ ಮನೆ ಗುಡಿಸಿದೆ. ತಿರುಪು ಸಿಗಲಿಲ್ಲ. ಕಸವನ್ನು ಗಾಡಿಗೆ ಹಾಕಲು ಧೈರ್ಯ ಬರಲಿಲ್ಲ, ಅದರಲ್ಲೇ ಇದ್ದರೆ? ಪಡಸಾಲೆಯ ಮೂಲೆಗೆ ಗುಡ್ಡೆ ಹಾಕಿ, ಬೆಳಗ್ಗೆ ಜರಡಿ ಹಿಡಿದರಾಯಿತು ಅಂತ ಮಲಗಿದೆ.

ನಮ್ಮ ಓಣಿಗೆ ನೀರು ವಾರಕ್ಕೊಮ್ಮೆ. ಬಂದಿದೆಯಾ ಅಂತ ಸಂಜೆ ನಳ ತಿರುವಿ ನೋಡಿದ್ದೆ. ಬುಸ್ ಅಂತ ಗಾಳಿ ಬಂದಿತ್ತು, ಅಷ್ಟೇ. ತಿರುವಿದ ನಳವನ್ನು ಹಾಗೇ ಬಿಟ್ಟಿದ್ದೆ. ನೀರು ರಾತ್ರಿ ಎರಡು ಗಂಟೆಗೆ ಬಂತು. ಅಡುಗೆಮನೆ ದಾಟಿ, ಪಡಸಾಲೆಗೆ ಇಳಿದು, ಗುಡ್ಡೆಯನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿತು. ಕಾಲಿಗೆ ತಂಪು ತಗುಲಿ ಎದ್ದಾಗ ಕೆಂಪು, ಕಪ್ಪು ಎರಡೂ ಮಣ್ಣು ಮಂಚದ ಕೆಳಗೆ ಒಂದಾಗಿದ್ದವು. ಹುಣಸೆಬೀಜ ತೇಲುತ್ತಿತ್ತು. ಬಿಟ್ಟುಹೋದ ದೆವ್ವ ತಿರುಗಿ ಬಂದು, ಮನೆ ಗುಡಿಸಿ ಅಲಂಕರಿಸಿದ್ದನ್ನು ಕಂಡು, ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತರುತ್ತದೆ ಅಂತ ಅದೇ ಲೂಕನ 11ನೇ ಅಧ್ಯಾಯದಲ್ಲಿದೆ. ಬರೆದಿಟ್ಟುಕೊಳ್ಳೋಣ ಅಂದರೆ ಚೀಟಿಯೂ ನೀರಲ್ಲಿತ್ತು.

ಬೆಳಗಿನ ತನಕ ನೀರು ಗೋರಿದೆ.

ಮಧ್ಯಾಹ್ನದ ಬಸ್ಸಿಗೆ ಅವಳು ಬಂದಳು. ಮನೆ ನೋಡಿದಳು, ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಸಬರಿಗೆ ತೆಗೆದುಕೊಂಡಳು. ಕಡ್ಡಿ ಸಡಿಲಾಗಿತ್ತು ಅಂತ ಹಿಡಿ ಕೆಳಗೆ ಮಾಡಿ ನೆಲಕ್ಕೆ ಎರಡು ಸಲ ಕುಟ್ಟಿದಳು.

ಟಿಣ್ ಅಂತ ಬಿತ್ತು. ಬೆಂಡೋಲಿಯ ತಿರುಪು.

"ನೆರೆಯವರನ್ನ ಕರೀಲೇನು?" ಅಂದೆ.

"ಮೊದ್ಲ ಆ ನಳ ಬಂದ್ ಮಾಡ್ರಿ" ಅಂದಳು.