ಒಗಟು 2014ರಲ್ಲೇ ಬಿಡಿಸಲ್ಪಟ್ಟಿದೆ

ತಾವಾಗಿಯೇ ಜರುಗಿದಂತೆ ನೆಲದ ಮೇಲೆ ಜಾಡು ಬಿಡುವ ಡೆತ್ ವ್ಯಾಲಿಯ ಚಲಿಸುವ ಕಲ್ಲುಗಳನ್ನು ಲೇಖನವೊಂದು ಇಂದಿಗೂ ಬಿಡಿಸಲಾಗದ ಒಗಟೆಂದು ಕರೆದಿರುವುದು ಸರಿಯಲ್ಲ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿರುವ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣಗಿದ ಕೆರೆಯಂಗಳದಲ್ಲಿ ಜಿಪಿಎಸ್ ಅಳವಡಿಸಿದ ಕಲ್ಲುಗಳನ್ನು ಇರಿಸಿದ್ದ ಸಂಶೋಧಕರಾದ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್, 2013ರ ಡಿಸೆಂಬರ್‌ನಲ್ಲಿ ಕಲ್ಲುಗಳು ಜರುಗುವುದನ್ನು ಕಣ್ಣಾರೆ ಕಂಡು, ಮರುವರ್ಷ ವಿವರಗಳನ್ನು ಪ್ರಕಟಿಸಿದರು. ತೆಳುವಾಗಿ ನಿಂತ ನೀರು ಚಳಿಗಾಲದ ರಾತ್ರಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಮಂಜುಗಡ್ಡೆಯ ಹಾಳೆಯಾಗಿ, ಹಗಲಿನ ಬಿಸಿಲಿಗೆ ಒಡೆದಾಗ, ಹಗುರವಾದ ಗಾಳಿಯೇ ಆ ಹಾಳೆಗಳನ್ನು ತಳ್ಳುತ್ತದೆ; ಅವು ಕಲ್ಲುಗಳನ್ನು ಮೆತ್ತನೆಯ ಕೆಸರಿನ ಮೇಲೆ ನಿಮಿಷಕ್ಕೆ ಎರಡರಿಂದ ಐದು ಮೀಟರ್ ವೇಗದಲ್ಲಿ ನೂಕುತ್ತವೆ. ಬಿರುಗಾಳಿ ಬೇಕೆಂಬ ಹಳೆಯ ಊಹೆ ಇದರಿಂದ ಬಿದ್ದುಹೋಯಿತು. ಒಂದೇ ಹಾಳೆ ಹಲವು ಕಲ್ಲುಗಳನ್ನು ಒಟ್ಟಿಗೆ ನೂಕುವುದರಿಂದಲೇ ಅವುಗಳ ಜಾಡುಗಳು ಸಮಾನಾಂತರವಾಗಿ ಕಾಣುತ್ತವೆ.