ಬೆಂಕಿ ಬೀಳುವ ಮೊದಲು ನಕಲು ಮಾಡಿಕೊಂಡವನು

ನಮ್ಮ ಚರ್ಚಿನ ಹಾಡುವ ತಂಡದಲ್ಲಿ, ಅದೇ ಕ್ವಾಯರ್‌ನಲ್ಲಿ, ನಾನು ಬೇಸ್, ಅಂದರೆ ಎಲ್ಲಕ್ಕಿಂತ ತಗ್ಗಿನ ದನಿ, ಹಾಡುವವನು. ಡಿಸೆಂಬರ್ ಹತ್ತಿರ ಬಂತು ಅಂದರೆ ಹ್ಯಾಂಡಲ್ ಕ್ರಿಸ್ತನ ಮೇಲೆ ರಚಿಸಿದ ದೊಡ್ಡ ಗಾಯನಕೃತಿ ‘ಮೆಸ್ಸಾಯ’ದ ಪುಸ್ತಕಗಳು ಬೀರುವಿನಿಂದ ಹೊರಬರುತ್ತವೆ. ನನಗೆ ಸಿಕ್ಕಿರುವುದು ಯಾರೋ ಬಿಟ್ಟುಹೋದ ಹಳೇ ಪ್ರತಿ. ಬೆನ್ನಿಗೆ ಟೇಪ್, ಹಲ್ಲೆಲೂಯ ಪುಟದಲ್ಲಿ ಕಾಫಿ ಕಲೆ. ರಟ್ಟಿನ ಮೇಲೆ ‘ನೊವೆಲ್ಲೊ’ ಅಂತ ಇದೆ. ಎಷ್ಟೋ ವರ್ಷ ಅದನ್ನು ನೋಟ್‌ಬುಕ್ ಕಂಪನಿಯ ಹೆಸರು ನೋಡಿದ ಹಾಗೆ ನೋಡಿ ಪುಟ ತಿರುವಿದ್ದೇನೆ.

ಅದು ಒಂದು ಮನೆತನದ ಹೆಸರು. ವಿನ್ಸೆಂಟ್ ನೊವೆಲ್ಲೊ 1781ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಅಪ್ಪ ಇಟಲಿಯಿಂದ ಬಂದು ಪೇಸ್ಟ್ರಿ ಮಾಡಿಕೊಂಡಿದ್ದ, ಅಮ್ಮ ಇಂಗ್ಲಿಷಿನವಳು. ಇಪ್ಪತ್ತು ತುಂಬುವ ಮೊದಲೇ ಹುಡುಗ ಪೋರ್ಚುಗೀಸ್ ರಾಯಭಾರಿಯ ಚಾಪೆಲ್‌ನಲ್ಲಿ ಆರ್ಗನ್ ಮುಂದೆ ಕೂತ. 1822ರವರೆಗೂ ಅಲ್ಲೇ ಇದ್ದ. ಹೇಡನ್, ಮೊಜಾರ್ಟ್ ಬರೆದ ಮಾಸ್‌ಗಳನ್ನು, ಅಂದರೆ ಕ್ಯಾಥೊಲಿಕ್ ಪೂಜೆಯ ಸಂಗೀತವನ್ನು, ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ ಆಗ ಕೇಳುವ ಹಾಗಿರಲಿಲ್ಲ. ಇವನದು ಕ್ಯಾಥೊಲಿಕ್ ಚಾಪೆಲ್, ಅಲ್ಲಿ ಕೇಳಬಹುದಿತ್ತು.

ಹೊಟ್ಟೆಪಾಡು ಮಾತ್ರ ಪಾಠದಿಂದ. ಹನ್ನೊಂದು ಮಕ್ಕಳ ತಂದೆ ಅಲ್ವಾ! ಶಾಲೆಗಳಲ್ಲಿ, ಮನೆಗಳಲ್ಲಿ ಪಿಯಾನೊ ಪಾಠ ಹೇಳಿಕೊಟ್ಟು, ಉಳಿದ ಹೊತ್ತಿನಲ್ಲಿ ಹಳೇ ಹಸ್ತಪ್ರತಿಗಳ ನಕಲು. ಮನೆಗೆ ಕೀಟ್ಸ್, ಲೀ ಹಂಟ್, ಚಾರ್ಲ್ಸ್ ಲ್ಯಾಂಬ್‌ನಂಥ ಸಾಹಿತಿಗಳೆಲ್ಲ ಬಂದು ಹರಟುತ್ತಿದ್ದರು. ಅದೇ ಒಂದು ದೊಡ್ಡ ಕಥೆ, ಈಗ ಬೇಡ.

ನನಗೆ ಹೇಳಬೇಕಿರುವುದು ಅವನು ಸಂಗೀತವನ್ನು ಒಟ್ಟುಮಾಡಿ ತಿದ್ದಿ ಅಚ್ಚಿಗೆ ಕೊಟ್ಟ ಸಂಪಾದಕನ ಕೆಲಸದ ವಿಷಯ. 1811ರಲ್ಲಿ ಚಾಪೆಲ್‌ನಲ್ಲಿ ಹಾಡುತ್ತಿದ್ದ ಸಂಗೀತವನ್ನೆಲ್ಲ ಸೇರಿಸಿ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಒಂದು ತಕರಾರಿನ ಕೆಲಸವನ್ನೂ ಮಾಡಿದ. ಆಗೆಲ್ಲ ಆರ್ಗನ್ ವಾದಕನಿಗೆ ಪೂರ್ತಿ ಬರೆದುಕೊಡುತ್ತಿರಲಿಲ್ಲ. ಕೆಳಗಿನ ಬೇಸ್ ಸ್ವರ, ಅದರ ಜೊತೆಗೆ ಒಂದಷ್ಟು ಅಂಕಿ, ಅಷ್ಟೇ. ನಮ್ಮ ಸರಿಗಮದಲ್ಲೇ ಹೇಳುತ್ತೇನೆ. ಎಡಗೈಯಲ್ಲಿ ‘ಗ’ ಇದೆ, ಕೆಳಗೆ 6 ಅಂತ ಇದೆ ಅನ್ನಿ. ಗ, ಮ, ಪ, ದ, ನಿ, ಸ ಅಂತ ಎಣಿಸಬೇಕು. ಆರನೆಯದು ಮೇಲಿನ ಸ. ಮೂರನೆಯದಾದ ಪ ಹೇಗೂ ಬರಲೇಬೇಕು, ಅದನ್ನು ಬರೆಯುವುದೂ ಇಲ್ಲ. ಇಷ್ಟನ್ನೂ ಹಾಡು ಓಡುತ್ತಿರುವಾಗಲೇ ಬೆರಳಿಗೆ ತರಬೇಕು. ಬಲ್ಲವರಿಗೆ ಇದು ಆಟ. ಊರಿನ ಸಣ್ಣ ಚರ್ಚಿನಲ್ಲಿ ಭಾನುವಾರ ಮಾತ್ರ ನುಡಿಸುವವನಿಗೆ ಗಂಡಾಂತರ.

ನೊವೆಲ್ಲೊ ಆ ಅಂಕಿಗಳನ್ನು ಬಿಡಿಸಿ, ಎರಡೂ ಕೈಯ ಸ್ವರಗಳನ್ನು ಪೂರ್ತಿ ಬರೆದುಕೊಟ್ಟ. ಇದು ಕೆಲವು ವಾದಕರಿಗೆ ಹಿಡಿಸಲಿಲ್ಲವಂತೆ. ಹಿಡಿಸುವುದಾದರೂ ಹೇಗೆ? ತಮಗಷ್ಟೇ ಗೊತ್ತಿದ್ದ ವಿದ್ಯೆ ಬೀದಿಗೆ ಬಂತಲ್ಲ. ಹಾಗೆ ತುಂಬಿಸಿದ ಸ್ವರಗಳು ಅವನವು, ಮೂಲದವರವಲ್ಲ ಅನ್ನುವುದೂ ನಿಜವೇ. ಆದರೂ ನನ್ನ ಓಟು ನೊವೆಲ್ಲೊಗೆ. ನಮ್ಮ ಕ್ವಾಯರ್‌ಗೆ ನುಡಿಸುವವರು ಬ್ಯಾಂಕ್ ಉದ್ಯೋಗಿ. ಅವರ ಮುಂದೆ ಬರೀ ಅಂಕಿ ಇಟ್ಟರೆ ಬಡ್ಡಿ ಲೆಕ್ಕ ಹಾಕಿಯಾರು.

ಇನ್ನು ಯಾರ್ಕ್‌ನ ಕಥೆ. 1820ರ ದಶಕದ ಕೊನೆಗೆ ನೊವೆಲ್ಲೊ ಹಳೇ ಕಾಲದ ಇಂಗ್ಲಿಷ್ ಸಂಗೀತ ರಚನಕಾರ ಹೆನ್ರಿ ಪರ್ಸೆಲ್‌ನ ಚರ್ಚ್ ಸಂಗೀತವನ್ನೆಲ್ಲ ಒಟ್ಟುಮಾಡಿ ಪ್ರಕಟಿಸುತ್ತಿದ್ದ. ಪರ್ಸೆಲ್ ಸತ್ತು ಆಗಲೇ 130 ವರ್ಷ ದಾಟಿತ್ತು. ಎಷ್ಟೋ ಕೃತಿಗಳು ಅಲ್ಲಿ ಇಲ್ಲಿ ಹಸ್ತಪ್ರತಿಯಲ್ಲೇ ಉಳಿದಿದ್ದವು. ಯಾರ್ಕ್ ಊರಿನ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರ್‌ನಲ್ಲಿ ಅವನಿಗೆ ನಾಲ್ಕು ಆಂಥೆಮ್‌ಗಳು, ಅಂದರೆ ಕ್ವಾಯರ್ ಹಾಡುವ ಭಕ್ತಿಗೀತೆಗಳು, ಸಂಜೆ ಪ್ರಾರ್ಥನೆಯ ಒಂದು ಸಂಗೀತ ಸಿಕ್ಕವು. ಕೂತು ನಕಲು ಮಾಡಿಕೊಂಡ.

ಅದಾಗಿ ಸ್ವಲ್ಪ ದಿನಕ್ಕೆ, 1829ರ ಫೆಬ್ರವರಿ 1, ಭಾನುವಾರ, ಜೊನಾಥನ್ ಮಾರ್ಟಿನ್ ಎಂಬಾತ ಸಂಜೆ ಪ್ರಾರ್ಥನೆಗೆ ಬಂದು, ಎಲ್ಲರೂ ಹೋದ ಮೇಲೂ ಒಂದು ಸಮಾಧಿಯ ಹಿಂದೆ ಅಡಗಿ ಕೂತ. ರಾತ್ರಿ ಪ್ರಾರ್ಥನೆ ಪುಸ್ತಕ, ದಿಂಬುಗಳನ್ನು ಗುಡ್ಡೆ ಹಾಕಿ ಬೆಂಕಿ ಇಟ್ಟು, ಹಗ್ಗ ಹಿಡಿದು ಕಿಟಕಿಯಿಂದ ಪಾರಾದ. ತಲೆ ಸರಿಯಿಲ್ಲದ ಮನುಷ್ಯ, ಪಾಪ. ಪಾದ್ರಿಗಳ ಮೇಲೆ ಮೊದಲಿಂದಲೂ ಕೋಪವಿತ್ತು. ಆವತ್ತು ಅವನನ್ನು ಇನ್ನಷ್ಟು ಕೆರಳಿಸಿದ್ದು ಆರ್ಗನ್ನಿನ ಗುಂಯ್ ಅನ್ನುವ ಸದ್ದು! ಬೆಳಗಾಗುವ ಹೊತ್ತಿಗೆ ಚರ್ಚಿನೊಳಗೆ ಗಾಯಕರು ಕೂರುವ ಕ್ವಾಯರ್ ಭಾಗದ ಛಾವಣಿ, ಕೆತ್ತನೆಯ ಮರದ ಆಸನಗಳು, ಆ ಆರ್ಗನ್ ಎಲ್ಲವೂ ಹೊತ್ತಿ ಉರಿಯುತ್ತಿದ್ದವು. ಪರ್ಸೆಲ್‌ನ ಆ ಹಾಳೆಗಳೂ ಹೋದವು. ಉಳಿದದ್ದು ಪಾಠ ಹೇಳಿ ಬದುಕುತ್ತಿದ್ದವನೊಬ್ಬನ ಕೈಬರಹದ ನಕಲು.

ಸುಮ್ನೆ ಯೋಚಿಸಿ. ಇವನ ಆರ್ಗನ್ ವಾದನ ಕೇಳಲು ಜನ ಬರುತ್ತಿದ್ದರಂತೆ. ಅದರ ಒಂದು ಸ್ವರವೂ ನಮಗೆ ಸಿಗುವುದಿಲ್ಲ, ಆಗ ರೆಕಾರ್ಡಿಂಗ್ ಎಲ್ಲಿತ್ತು? ಗುಮಾಸ್ತೆ ಕೆಲಸ ಅಂತ ನಾವು ಮೂಗು ಮುರಿಯುವ ಭಾಗವೇ ಕೈಗೆ ಸಿಕ್ಕಿದೆ. ಸಂಗೀತದ ಪುಸ್ತಕದಲ್ಲಿ ಸಂಪಾದಕರ ಹೆಸರನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಮಗ ಆಲ್‌ಫ್ರೆಡ್ ವ್ಯಾಪಾರ ಬಲ್ಲವನು. ಅಪ್ಪನ ಕೆಲಸವನ್ನು ಪ್ರಕಾಶನ ಸಂಸ್ಥೆ ಮಾಡಿದ. 1846ರಲ್ಲಿ ‘ಮೆಸ್ಸಾಯ’ವನ್ನು ಹನ್ನೆರಡು ಮಾಸಿಕ ಕಂತುಗಳಲ್ಲಿ, ಕಂತಿಗೆ ಆರು ಪೆನ್ಸ್‌ನಂತೆ ಮಾರಿದ. ಕೆಲಸ ಮುಗಿಸಿ ಸಂಜೆ ಹಾಡಲು ಬರುವವರೂ ಸ್ವಂತ ಪ್ರತಿ ಕೊಳ್ಳುವಂತಾಯಿತು. ಅಪ್ಪ ಕೊನೆಗಾಲಕ್ಕೆ ಮೆಡಿಟರೇನಿಯನ್ ತೀರದ ನೀಸ್ ಊರಿಗೆ ಹೋಗಿ ನೆಲೆಸಿ, 1861ರಲ್ಲಿ ಅಲ್ಲೇ ತೀರಿಕೊಂಡ.

ಕಳೆದ ವಾರ ಪ್ರಾಕ್ಟೀಸ್‌ನಲ್ಲಿ ಹೊಸ ಹುಡುಗನೊಬ್ಬ ಪುಸ್ತಕ ತರದೆ ಪಕ್ಕದಲ್ಲಿ ನಿಂತಿದ್ದ. ನನ್ನ ಪ್ರತಿಯನ್ನೇ ಇಬ್ಬರೂ ಹಿಡಿದುಕೊಂಡೆವು. “ಅಂಕಲ್, ನೊವೆಲ್ಲೊ ಅಂದ್ರೆ ಯಾವ ಆ್ಯಪ್?” ಅಂದ. ಬೇಸ್ ಎಂಟ್ರಿ ಬಂದುಬಿಟ್ಟಿತ್ತು, ಉತ್ತರ ಹೇಳಲು ಆಗಲಿಲ್ಲ.