ಬಚ್ಚಲದಲ್ಲಿ ಹುಬ್ಬಳ್ಳಿ-ಧಾರವಾಡ

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಮಾಡಲು ಒಪ್ಪಿತು. 1962ರಲ್ಲಿ ಹುಬ್ಬಳ್ಳಿ ಜೊತೆ ಕೂಡಿಸಿದ್ದನ್ನು ಅಂತೂ ಬಿಡಿಸುತ್ತಾರಂತೆ ಅಂತ ನಮ್ಮ ಸಪ್ತಾಪುರದ ಚಹಾದಂಗಡಿ ತುಂಬಾ ಅದೇ ಮಾತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಯಾಕಂದ್ರೆ ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಹುಬ್ಬಳ್ಳಿ-ಧಾರವಾಡ ಕೂಡಿಸುವ ಕೆಲಸ ನಡೆದಿತ್ತು.

ಧಾರವಾಡದ ಕಡೆಯವು ಎರಡು ಹೆಣ್ಣು, ಗಿರ್ಮಿಟ್ ಮತ್ತು ಮಿರ್ಚಿ. ಶುಗರ್ ಗ್ಲೈಡರ್‌ಗಳು. ಮಗಳು ಹಟ ಹಿಡಿದು ತಂದವು. ಹುಬ್ಬಳ್ಳಿ ಕಡೆಯಿಂದ ಒಂದು ಗಂಡು, ಒಂದು ಹೆಣ್ಣು. ಕೇಶ್ವಾಪುರದಲ್ಲಿರುವ ನನ್ನ ತಮ್ಮನಿಗೆ ಪುಣೆಗೆ ವರ್ಗವಾಯಿತು. ಅವನು ಎರಡನ್ನೂ ಕೊರಳಲ್ಲಿ ನೇತುಹಾಕಿದ ಚೀಲದಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಬಂದ. ಚಹಾ ಕುಡಿದ. ಚೀಲ ಬಿಟ್ಟು ಹೋದ.

ನೋಡದವರಿಗೆ ಹೇಳಬೇಕು ಅಂದ್ರೆ, ಇವು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಪ್ರಾಣಿ. ಕಾಂಗರೂ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತವೆ. ತೂಕ ನೂರು-ನೂರಿಪ್ಪತ್ತು ಗ್ರಾಂ, ಅಂದ್ರೆ ಎರಡು ಕೋಳಿಮೊಟ್ಟೆ. ಮುಂಗಾಲಿನಿಂದ ಹಿಂಗಾಲಿನವರೆಗೆ ಪಕ್ಕೆಯಲ್ಲಿ ಚರ್ಮದ ಸೆರಗು. ಅದನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತವೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಸಂಸಾರ. ಚೆನ್ನಾಗಿ ನೋಡಿಕೊಂಡರೆ ಹತ್ತು-ಹನ್ನೆರಡು ವರ್ಷ ಬದುಕುತ್ತವೆ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೂ ಇವು ನಮ್ಮ ಹತ್ತಿರವೇ ಇರುತ್ತವೆ ಅನ್ನೋದು ನನ್ನ ಅಂದಾಜು. ಇನ್ನೂ ಯಾರ ಮುಂದೆಯೂ ಹೇಳಿಲ್ಲ.

ಒಂದೇ ಪಂಜರಕ್ಕೆ ನಾಲ್ಕನ್ನೂ ಬಿಟ್ಟರಾಯಿತು, ಕಚ್ಚಾಡಿ ಸುಮ್ಮನಾಗುತ್ತವೆ ಅಂತ ನಾನಂದೆ. ಮಗಳು ನನ್ನನ್ನು ಕೊಲೆಗಾರನ ಹಾಗೆ ನೋಡಿದಳು. "ಪಪ್ಪಾ, ಸಾಯೋತನಕ ಕಚ್ಚಾಡ್ತಾವು. ಇವಕ್ಕ ಮಾರಿ ಗುರ್ತಲ್ಲ, ವಾಸನಿ ಗುರ್ತು." ಒಂದು ಗುಂಪಿನ ಎಲ್ಲವಕ್ಕೂ ಒಂದೇ ವಾಸನೆ. ಗಂಡು ತನ್ನ ತಲೆಯನ್ನು ಉಳಿದವುಗಳ ಮೈಗೆ ತಿಕ್ಕಿ ತಿಕ್ಕಿ ವಾಸನೆ ಹಚ್ಚಿರುತ್ತದೆ. ಆ ವಾಸನೆ ಇಲ್ಲದವರು ಪರವೂರಿನವರು. ಹಳಬರ ಪಂಜರಕ್ಕೆ ಹೊಸಬರನ್ನು ಬಿಡುವುದಂತೂ ಮಹಾಪರಾಧ.

ವಾಸನೆ ತಿಕ್ಕುವ ಆ ಜಾಗ ಗಂಡಿನ ನೆತ್ತಿಯ ಮೇಲೆ ಬೋಳಾಗಿ ಕಾಣುತ್ತದೆ. ಇದಕ್ಕೆ ಮರಿಯಾಗದ ಹಾಗೆ ಆಪರೇಷನ್ ಆಗಿ ತಿಂಗಳಾಗಿತ್ತು, ಬೋಳು ಮಾತ್ರ ಹಾಗೇ ಇತ್ತು. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು.

"ಅಯ್ಯ, ಇದರ ನೆತ್ತಿ ಮ್ಯಾಲಿನ ಕೂದಲಾ ಉದುರ್ಯಾವಲ್ಲೋ. ನಿಮ್ಮಪ್ಪನಂಗ ಆಗೇತಿ. ಸ್ವಲ್ಪ ಕೊಬ್ಬರಿ ಎಣ್ಣಿ ಹಚ್ಚಲೇನು?"

ಬೇಡ ಅಂದೆವು. ಲೈನ್ ಬಜಾರಿನ ಪೇಡೆ ಕೊಡಲೇನು ಅಂದಳು. ಅದೂ ಬೇಡ ಅಂದೆವು. "ಹಂಗಾರ ಇವು ಧಾರವಾಡಕ್ಕ ಬಂದದ್ದರ ಯಾಕ?" ಅಂದಳು. ಇದಕ್ಕೆ ಉತ್ತರ ಇರಲಿಲ್ಲ.

ಮೊದಲ ಹತ್ತು ದಿನ ಎರಡು ಪಂಜರ ಒಂದೇ ಕೋಣೆಯಲ್ಲಿ, ನಡುವೆ ಒಂದು ಮೊಳ ಜಾಗ. ಸರಳಿನ ಸಂದಿಯಲ್ಲಿ ಕಾಲು ಹಾಕಿದರೆ ಬೆರಳು ಕಡಿಯುತ್ತವಂತೆ. ದಿನಾ ಇವುಗಳ ಮಲಗುವ ಚೀಲ ಅವಕ್ಕೆ, ಅವುಗಳದ್ದು ಇವಕ್ಕೆ. ಮೊದಲ ರಾತ್ರಿ ಹುಬ್ಬಳ್ಳಿ ಚೀಲವನ್ನು ಮೂಸಿದ ಗಿರ್ಮಿಟ್ ಹಿಂಗಾಲ ಮೇಲೆ ನಿಂತು ಕೂಗಿತು ನೋಡಿ! ಅಷ್ಟು ಚಿಕ್ಕ ಮೈಯಿಂದ ಅಂಥ ದನಿ ಹೇಗೆ ಬರುತ್ತದೋ. ನೀರು ಹಾಕದೆ ಶೇಂಗಾ ಚಟ್ನಿ ತಿರುವುವಾಗ ಮಿಕ್ಸರ್ ಅರಚುತ್ತದಲ್ಲ, ಥೇಟ್ ಅದೇ. ಬೆಳಿಗ್ಗೆ ಪಕ್ಕದ ಮನೆಯವರು ಕಂಪೌಂಡ್ ಮೇಲಿಂದ ಬಗ್ಗಿ, "ರಾತ್ರಿ ಎರಡಕ್ಕ ಮಿಕ್ಸರ್ ಹಚ್ಚಿದ್ರಲ್ರೀ, ಬೀಗ್ರು ಬಂದಾರೇನು?" ಅಂದರು. ಹೌದ್ರೀ, ಹುಬ್ಬಳ್ಳಿಯವರು ಅಂದೆ. ಸುಳ್ಳೇನಲ್ಲ.

ಚೀಲ ಹೊಲಿಯುವ ವಿಷಯಕ್ಕೆ ಮನೆಯಲ್ಲಿ ಬೇರೆಯೇ ಜಗಳ. ಅವ್ವ ಹಳೇ ಕೌದಿಯ ತುಂಡಿನಲ್ಲಿ ಎರಡು ಚೀಲ ಹೊಲಿದು ತಂದಳು. ಮಗಳು ಬೇಡ ಅಂದಳು. ಕೌದಿಯ ಮೇಲೆ ಉದ್ದಕ್ಕೂ ಕೈಹೊಲಿಗೆ ಇರುತ್ತದೆ, ದಾರಕ್ಕೆ ಉಗುರು ಸಿಕ್ಕರೆ ಕಾಲೇ ಹೋಗಬಹುದು ಅಂತ. ಅವ್ವನಿಗೆ ಸಿಟ್ಟು ಬಂತು. "ನಿಮ್ಮಪ್ಪ, ನಿಮ್ಮ ಕಾಕಾ ಎಲ್ಲಾರೂ ನನ್ನ ಕೌದ್ಯಾಗ ಬೆಳದಾರ. ಯಾರ ಉಗುರೂ ಸಿಕ್ಕಿಲ್ಲ."

ಹನ್ನೊಂದನೆಯ ರಾತ್ರಿ ಮುಖಾಮುಖಿ. ಯಾರದ್ದೂ ಅಲ್ಲದ ಜಾಗ ಬೇಕು ಅಂತ ಬಚ್ಚಲ ಆರಿಸಿದೆವು. ಎರಡು ದಿನ ಒಣಗಿಸಿ, ಬಕೆಟ್ ಬೋರಲು ಹಾಕಿ, ಕಮೋಡಿನ ಮುಚ್ಚಳ ಹಾಕಿದೆವು. ಬಿದ್ದರೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತವೆ. ಎಲ್ಲವಕ್ಕೂ ಒಂದೇ ವಾಸನೆ ಇರಲಿ ಅಂತ ನಾನು ಅತ್ತರಿನ ಬಾಟಲಿ ತಂದೆ. ಮಗಳು ಕಸಿದುಕೊಂಡಳು. ನಾನು ಹಳೇ ಸ್ವೆಟರ್ ಹಾಕಿಕೊಂಡು ಮಣೆಯ ಮೇಲೆ ಕುಂತೆ. ನಾಲ್ಕನ್ನೂ ಬಿಟ್ಟೆವು.

ಐದು ನಿಮಿಷ ಎಲ್ಲ ಸರಿಯಿತ್ತು. ಗಂಡು ನನ್ನ ಹೆಗಲ ಮೇಲೆ, ಮಿರ್ಚಿ ನಲ್ಲಿಯ ಮೇಲೆ. ಒಂದು ಹೆಜ್ಜೆ ಅದು, ಒಂದು ಹೆಜ್ಜೆ ಇದು. ಮೂಗಿಗೆ ಮೂಗು ತಾಗುವುದಕ್ಕೆ ಇನ್ನು ಎರಡು ಇಂಚು. ನಾನು ಉಸಿರು ಬಿಗಿಹಿಡಿದಿದ್ದೆ. ಕರೆಂಟ್ ಹೋಯಿತು.

ಕತ್ತಲಲ್ಲಿ ಬಾಗಿಲು ಧಡಾರನೆ ತೆರೆಯಿತು. ಬ್ಯಾಟರಿ ಬೆಳಕು ನನ್ನ ಮುಖಕ್ಕೆ.

"ತಾಸ ಆತು, ಬಚ್ಚಲದಾಗ ಏನ ಮಾಡಾಕತ್ತಿ? ಹೊಟ್ಟಿ ಕೆಟ್ಟೇತೇನು?"

ಅವ್ವನ ತಲೆ ಮೇಲಿಂದ ಒಂದು ತೇಲಿ ಹೋಯಿತು. ಕಾಲ ಸಂದಿಯಲ್ಲಿ ಎರಡು. ನಾಲ್ಕನೆಯದು ನನ್ನ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ಹಾರಿತು. ಕರೆಂಟ್ ಇಲ್ಲದೆ ಪಡಸಾಲೆಯ ಫ್ಯಾನ್ ನಿಂತಿತ್ತು, ಅದೊಂದು ಪುಣ್ಯ. ರಾತ್ರಿ ಒಂದರವರೆಗೆ ಕಪಾಟಿನ ಹಿಂದೆ, ಜೋಳದ ಚೀಲದ ಸಂದಿ, ದೇವರ ಜಗಲಿಯ ಕೆಳಗೆ, ಎಲ್ಲ ಕಡೆ ಹುಡುಕಿದೆವು. ಒಂದೂ ಸಿಗಲಿಲ್ಲ. ಮಿಕ್ಸರ್ ದನಿಯೂ ಕೇಳಲಿಲ್ಲ. ಮಗಳು ಅತ್ತು ಅತ್ತು ಮಲಗಿದಳು. ಹೆಂಡತಿ ಮಾತ್ರ, "ಇನ್ನ ಮ್ಯಾಲೆ ಬಚ್ಚಲ ನನಗ ಸಿಗತೈತೇನ್ರಿ?" ಅಂದಳು.

ಬೆಳಿಗ್ಗೆ ಆರಕ್ಕೆ ಅವ್ವ ಕರೆದಳು, ಬಹಳ ಸಣ್ಣ ದನಿಯಲ್ಲಿ. ಅವಳ ಟ್ರಂಕಿನ ಮೇಲೆ ಮಡಿಚಿಟ್ಟ ಕೌದಿ. ಮೂರನೇ ಮಡಿಕೆ ಎತ್ತಿ ತೋರಿಸಿದಳು. ನಾಲ್ಕೂ ಉಂಡೆಯಾಗಿ ಮಲಗಿದ್ದವು. ಯಾವ ಬಾಲ ಯಾರದ್ದೋ ಗೊತ್ತಾಗುವ ಹಾಗಿರಲಿಲ್ಲ. ಗಂಡಿನ ಬೋಳು ನೆತ್ತಿ ಗಿರ್ಮಿಟ್‌ನ ಗದ್ದದ ಕೆಳಗಿತ್ತು.

ಮಗಳು ಹೇಳಿದ್ದೂ ಸುಳ್ಳಾಗಲಿಲ್ಲ. ಹುಬ್ಬಳ್ಳಿ ಹೆಣ್ಣಿನ ಒಂದು ಉಗುರು ಹೊಲಿಗೆಗೆ ಸಿಕ್ಕಿತ್ತು. ನಾನು ಕತ್ತರಿ ತರುವಷ್ಟರಲ್ಲಿ ಅವ್ವ ಬಗ್ಗಿ, ಆ ಟಾಕಿಯನ್ನು ಹಲ್ಲಿನಿಂದಲೇ ಕಡಿದಳು. ಅಜ್ಜಿಯ ಇಳಕಲ್ ಸೀರೆಯ ತುಂಡಿನ ಮೇಲಿನ ಹೊಲಿಗೆ ಅದು. ಎಳೆ ಬಿಚ್ಚಿ, ಆ ಕೂದಲೆಳೆಯಂಥ ಕಾಲನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ, ಮಡಿಕೆ ಮತ್ತೆ ಮುಚ್ಚಿದಳು.

ಈಗ ನಾಲ್ಕೂ ತೊಳೆದ ದೊಡ್ಡ ಪಂಜರದಲ್ಲಿವೆ, ಹೊಲಿಗೆ ಹೊರಗೆ ಕಾಣದ ಚೀಲದಲ್ಲಿ. ಅದನ್ನೂ ಅವ್ವನೇ ಹೊಲಿದದ್ದು.

ಹೋದ ವಾರ ತಮ್ಮನ ಫೋನು. ವರ್ಗ ರದ್ದಾಯಿತಂತೆ. ನಾಳೆ ಬಂದು ತನ್ನವೆರಡನ್ನು ಒಯ್ಯುತ್ತಾನಂತೆ. ನಾನು ಏನೋ ಹೇಳುವಷ್ಟರಲ್ಲಿ ಅವ್ವ ಫೋನು ಕಸಿದುಕೊಂಡಳು.

"ನಾಳೆ ಹೆಂಗ ಬರ್ತಿ? ಮೊದಲ ನಿನ್ನ ಒಂದು ಹಳೇ ಅಂಗಿ ಕಳಸು. ಹತ್ತ ದಿನಾ ಪಂಜರದಾಗ ಇಡ್ತೀವಿ. ಆಮ್ಯಾಲೆ ಬಚ್ಚಲದಾಗ ಕುಂದರಸ್ತೀವಿ, ಅವು ಒಪ್ಪಿದ್ರ ನೋಡೂಣಂತ."